ಓದುಗರ ಪ್ರಶ್ನೆಗಳಿಗೆ ಉತ್ತರ: ‘ಬ್ಲೂ’ ಚಿತ್ರದ ಅಳದ ಹೆಂಗಸು

ಪೋಲೆಂಡಿನ ನಿರ್ದೇಶಕ ಕ್ರಿಸ್ತೋಫ್ ಕೀಶ್ಲೋವ್ಸ್ಕಿ ಫ್ರಾನ್ಸಿನಲ್ಲಿ ತೆಗೆದ ‘ತ್ರೀ ಕಲರ್ಸ್: ಬ್ಲೂ’ (1993) ಚಿತ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಚಿತ್ರವನ್ನು ನೋಡದವರಿಗಾಗಿ ಕಥೆಯ ಎಳೆ ಇಷ್ಟು: ಕಾರು ಅಪಘಾತವೊಂದರಲ್ಲಿ ಹೆಸರಾಂತ ಸಂಗೀತ ಸಂಯೋಜಕ ಪಾತ್ರಿಸ್ ಮತ್ತು ಅವನ ಪುಟ್ಟ ಮಗಳು ಆನಾ ಸಾಯುತ್ತಾರೆ, ಹೆಂಡತಿ ಜೂಲಿ ಮಾತ್ರ ಉಳಿಯುತ್ತಾಳೆ. ಆಸ್ಪತ್ರೆಯಿಂದ ಹೊರಬಂದವಳು ಮನೆಯನ್ನೂ ಆಸ್ತಿಯನ್ನೂ ಗಂಡನ ಹೆಸರನ್ನೂ ಕಳಚಿಟ್ಟು, ಪ್ಯಾರಿಸ್‌ನ ಮೂಫ್ತಾರ್ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಯಾರಿಗೂ ಏನೂ ಆಗದವಳಾಗಿ ಬದುಕಲು ಹೊರಡುತ್ತಾಳೆ. ಉತ್ತರಗಳಲ್ಲಿ ಕಥೆಯ ತಿರುವುಗಳೆಲ್ಲ ಬಯಲಾಗುತ್ತವೆ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಪ್ರಶ್ನೆ: ಗಂಡನೂ ಮಗಳೂ ಒಂದೇ ದಿನ ಸತ್ತರೂ ಈ ಹೆಂಗಸು ಅಳುವುದಿಲ್ಲ. ಮುಖ ಕಲ್ಲಿನಂತೆ ಇರುತ್ತದೆ. ನನಗೆ ಅವಳ ಮೇಲೆ ಕನಿಕರವೇ ಹುಟ್ಟಲಿಲ್ಲ. ಇದನ್ನು ಶೋಕದ ಬಗೆಗಿನ ಶ್ರೇಷ್ಠ ಚಿತ್ರವೆಂದು ಏಕೆ ಕರೆಯುತ್ತಾರೆ?

ಉತ್ತರ: ನಿಮ್ಮ ಪ್ರಶ್ನೆಯನ್ನು ಚಿತ್ರದೊಳಗೇ ಒಬ್ಬಳು ಕೇಳುತ್ತಾಳೆ, ಆದರೆ ತಿರುಗಿಸಿ. ಜೂಲಿ ಹಳ್ಳಿಯ ಮನೆಗೆ ಮರಳಿದಾಗ ಹಳೆಯ ಕೆಲಸದಾಕೆ ಮಾರೀ ಒಳಗೆಲ್ಲೋ ನಿಂತು ಬಿಕ್ಕುತ್ತಿರುತ್ತಾಳೆ. ಏಕೆ ಅಳುತ್ತಿದ್ದೀರಿ ಎಂದು ಜೂಲಿ ಕೇಳುತ್ತಾಳೆ. ನೀವು ಅಳುತ್ತಿಲ್ಲವಲ್ಲ, ಅದಕ್ಕೆ ಎಂದು ಮಾರೀ ಉತ್ತರಿಸುತ್ತಾಳೆ. ಜೂಲಿ ಆ ಮುದುಕಿಯನ್ನು ತಬ್ಬಿಕೊಳ್ಳುತ್ತಾಳೆಯೇ ಹೊರತು ಅವಳ ಕಣ್ಣು ಒದ್ದೆಯಾಗುವುದಿಲ್ಲ. ಸಮಾಧಾನ ಪಡೆಯಬೇಕಾದವಳೇ ಸಮಾಧಾನ ಹೇಳುವವಳಾಗುವ ಈ ಅರ್ಧ ನಿಮಿಷದಲ್ಲಿ ಇಡೀ ಚಿತ್ರದ ರೀತಿ ಅಡಗಿದೆ. ಅಳು ಈ ಚಿತ್ರದಲ್ಲಿ ಇಲ್ಲವೆಂದಲ್ಲ, ಅದು ಜೂಲಿಯ ಕಣ್ಣನ್ನು ಬಿಟ್ಟು ಬೇರೆಲ್ಲ ಕಡೆ ಹರಡಿಕೊಂಡಿದೆ.

ಅವಳ ದೇಹವನ್ನು ಗಮನಿಸಿ ನೋಡಿ. ಆಸ್ಪತ್ರೆಯಲ್ಲಿ ಕಿಟಕಿಯ ಗಾಜು ಒಡೆದು, ದಾದಿಯ ಗಮನ ಅತ್ತ ಹೋದಾಗ ಬಾಯಿತುಂಬ ಮಾತ್ರೆ ತುಂಬಿಕೊಳ್ಳುತ್ತಾಳೆ, ಆದರೆ ನುಂಗಲಾಗದೆ ಉಗಿದುಬಿಡುತ್ತಾಳೆ. ಸಾಯಲು ಮನಸ್ಸು ಒಪ್ಪಿದರೂ ಗಂಟಲು ಒಪ್ಪುವುದಿಲ್ಲ. ಮನೆಯನ್ನು ಬಿಟ್ಟು ನಡೆದು ಹೋಗುವಾಗ ಬೆರಳ ಗೆಣ್ಣುಗಳನ್ನು ಒರಟು ಕಲ್ಲಿನ ಗೋಡೆಗೆ ಉಜ್ಜುತ್ತಾ ಸಾಗುತ್ತಾಳೆ. ನೋಡುವವರು ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ನೋವಿನ ದೃಶ್ಯ ಅದು. ಎಲ್ಲಕ್ಕಿಂತ ಮುಖ್ಯವಾದುದು ಲಾಲಿಪಾಪ್‌ನ ದೃಶ್ಯ. ಕೈಚೀಲದಲ್ಲಿ ಏನನ್ನೋ ಹುಡುಕುವಾಗ ಮಗಳದೊಂದು ನೀಲಿ ಲಾಲಿಪಾಪ್ ಸಿಗುತ್ತದೆ. ಬೇರೆ ಯಾವ ನಿರ್ದೇಶಕನಾದರೂ ಅಲ್ಲಿ ಅವಳಿಂದ ಅದನ್ನು ಎದೆಗೊತ್ತಿಸಿ ಅಳಿಸುತ್ತಿದ್ದ. ಇಲ್ಲಿ ಜೂಲಿ ಅದರ ಕಾಗದ ಬಿಚ್ಚಿ, ಕಟಕಟನೆ ಹಲ್ಲಿನಿಂದ ಕಡಿದು, ಹಸಿದವಳಂತೆ, ಸಿಟ್ಟಿನಿಂದ ತಿಂದು ಮುಗಿಸುತ್ತಾಳೆ. ಮಗಳು ಬಿಟ್ಟುಹೋದ ಕೊನೆಯ ಸಿಹಿಯನ್ನು ಇಲ್ಲವಾಗಿಸುವುದೂ ಅದನ್ನು ತನ್ನೊಳಗೆ ಇರಿಸಿಕೊಳ್ಳುವುದೂ ಅಲ್ಲಿ ಒಂದೇ ಕ್ರಿಯೆ. ಅಳುವುದು ಇದಕ್ಕಿಂತ ಎಷ್ಟೋ ಸುಲಭವಾಗಿತ್ತು.

ಕರುಣರಸವೆಂದರೆ ಕಣ್ಣೀರಿನ ಅಳತೆ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದುಕೊಂಡಿರುವುದರಿಂದ ಇಂಥ ನಟನೆ ಬರಡಾಗಿ ಕಾಣುವ ಅಪಾಯವಿದೆ. ಆದರೆ ಕೀಶ್ಲೋವ್ಸ್ಕಿಯ ಹಿನ್ನೆಲೆಯನ್ನು ನೆನೆದರೆ ಈ ಸಂಯಮಕ್ಕೆ ಒಂದು ಕಾರಣ ಸಿಗುತ್ತದೆ. ಅವರು ವರ್ಷಗಟ್ಟಲೆ ಪೋಲೆಂಡಿನಲ್ಲಿ ಸಾಕ್ಷ್ಯಚಿತ್ರಗಳನ್ನು ತೆಗೆದವರು. ನಿಜವಾದ ಜನರ ನಿಜವಾದ ಕಣ್ಣೀರನ್ನು ಚಿತ್ರಿಸುವ ಹಕ್ಕು ತಮಗಿದೆಯೇ ಎಂಬ ಅಳುಕು ಅವರನ್ನು ಕಾಡಿತ್ತೆಂದೂ, ಕಥಾಚಿತ್ರದ ಕಡೆ ಹೊರಳಲು ಅದೂ ಒಂದು ಕಾರಣವೆಂದೂ ಅವರೇ ಹೇಳಿಕೊಂಡಿದ್ದಾರೆ. ನಟರ ಕಣ್ಣೀರು ಸುಳ್ಳಾದುದರಿಂದ ಅಲ್ಲಿ ಆ ಅಳುಕು ಬೇಕಿಲ್ಲ. ಆದರೂ ಅವರು ಆ ಮರ್ಯಾದೆಯನ್ನು ಒಂದು ಕಲ್ಪಿತ ಪಾತ್ರಕ್ಕೂ ಉಳಿಸಿದರು ಎಂದು ನನಗೆ ಅನಿಸುತ್ತದೆ. ಜೂಲಿಯೆಟ್ ಬಿನೋಶ್ ಅವರ ಈ ಅಭಿನಯಕ್ಕೆ 1993ರ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಚಿತ್ರಕ್ಕೆ ಅಲ್ಲಿನ ಅತ್ಯುನ್ನತ ಗೌರವವಾದ ಗೋಲ್ಡನ್ ಲಯನ್ ಇನ್ನೊಂದು ಚಿತ್ರದೊಡನೆ ಹಂಚಿಕೆಯಾಗಿ ಬಂತು.

ಪ್ರಶ್ನೆ: ನಡುನಡುವೆ ಪರದೆ ಪೂರ್ತಿ ಕಪ್ಪಾಗಿ, ವಾದ್ಯಮೇಳ ಗಟ್ಟಿಯಾಗಿ ಮೊಳಗಿ, ಮತ್ತೆ ಅದೇ ದೃಶ್ಯ ಮುಂದುವರಿಯುತ್ತದೆ. ನಾನು ನೋಡಿದ ಪ್ರತಿಯಲ್ಲಿ ದೋಷವಿತ್ತೇ?

ಉತ್ತರ: ದೋಷವಿಲ್ಲ. ಅದು ನಾಲ್ಕು ಬಾರಿ ಬರುತ್ತದೆ. ಸಾಮಾನ್ಯವಾಗಿ ಸಿನಿಮಾದಲ್ಲಿ ಪರದೆ ಕಪ್ಪಾಗುವುದು ಸಮಯ ಕಳೆದಿದೆ, ಒಂದು ಅಧ್ಯಾಯ ಮುಗಿದಿದೆ ಎನ್ನುವುದರ ಗುರುತು. ಇಲ್ಲಿ ಕತ್ತಲು ಸರಿದಾಗ ನಾವು ಹಿಂದೆ ಇದ್ದ ಕ್ಷಣದಲ್ಲೇ ಇರುತ್ತೇವೆ, ಎದುರಿನವರ ಮಾತಿಗೆ ಜೂಲಿ ಇನ್ನೂ ಉತ್ತರ ಕೊಡಬೇಕಾಗಿರುತ್ತದೆ. ಲೋಕದ ಗಡಿಯಾರದಲ್ಲಿ ಒಂದು ಕ್ಷಣವೂ ಸರಿದಿಲ್ಲ, ಅವಳೊಳಗೆ ಮಾತ್ರ ಏನೋ ಬಂದು ಅಪ್ಪಳಿಸಿ ಹೋಗಿದೆ. ಮೊದಲ ಸಲ ಇದು ಸಂಭವಿಸುವುದು ಆಸ್ಪತ್ರೆಯ ಬಾಲ್ಕನಿಯಲ್ಲಿ ಪತ್ರಕರ್ತೆಯೊಬ್ಬಳು ಅವಳಿಗೆ ನಮಸ್ಕಾರ ಹೇಳಿದಾಗ. ಈಜುಕೊಳದ ದೃಶ್ಯ ಇನ್ನೂ ಸೂಕ್ಷ್ಮವಾದುದು: ಅಳುತ್ತಿದ್ದೀಯಾ ಎಂದು ನೆರೆಮನೆಯ ಲುಸಿಲ್ ಕೇಳುತ್ತಾಳೆ, ಕತ್ತಲು ಕವಿಯುತ್ತದೆ, ಸಂಗೀತ ಬರುತ್ತದೆ, ಬೆಳಕಾದಾಗ ಅದು ನೀರು ಎಂದು ಜೂಲಿ ಉತ್ತರಿಸುತ್ತಾಳೆ. ಶೋಕವನ್ನು ಅನುಭವಿಸಿದವರಿಗೆ ಈ ತಂತ್ರದ ವಿವರಣೆ ಬೇಕಾಗುವುದಿಲ್ಲ. ಯಾರೊಡನೆಯೋ ಲೋಕಾಭಿರಾಮವಾಗಿ ಮಾತನಾಡುತ್ತಿರುವಾಗ ನಡುವೆ ಎಲ್ಲವೂ ಕುಸಿದು, ಎದುರಿನವರಿಗೆ ಸುಳಿವೂ ಸಿಗದಂತೆ ಮತ್ತೆ ವಾಕ್ಯವನ್ನು ಮುಗಿಸಿದ ಅನುಭವ ಅವರಿಗೆಲ್ಲ ಇರುತ್ತದೆ.

ಈ ಸಂಗೀತ ಹಿನ್ನೆಲೆಯದಲ್ಲ ಎನ್ನುವುದನ್ನೂ ಗಮನಿಸಬೇಕು. ಸ್ಬಿಗ್ನ್ಯೆವ್ ಪ್ರೈಸ್ನರ್ ರಚಿಸಿದ ಇದು ಕಥೆಯೊಳಗಿನ ಸಂಗೀತ, ಪಾತ್ರಿಸ್ ಅಪೂರ್ಣವಾಗಿ ಬಿಟ್ಟುಹೋದ ಕೃತಿಯ ಭಾಗ. ಜೂಲಿ ಅದರ ಹಸ್ತಪ್ರತಿಯನ್ನು ಕಸದ ಲಾರಿಗೆ ಎಸೆದು ಕೈತೊಳೆದುಕೊಂಡಿದ್ದಾಳೆ. ಕಾಗದವೇನೋ ಲಾರಿಯಲ್ಲಿ ಪುಡಿಯಾಗುತ್ತದೆ, ಸ್ವರ ಹಾಗೆ ಪುಡಿಯಾಗುವುದಿಲ್ಲ.

ಪ್ರಶ್ನೆ: ಫ್ರಾನ್ಸಿನ ಧ್ವಜದಲ್ಲಿ ನೀಲಿ ಎಂದರೆ ಸ್ವಾತಂತ್ರ್ಯ ಎಂದು ಓದಿದ್ದೇನೆ. ಹೆಣ್ಣೊಬ್ಬಳು ಎಲ್ಲವನ್ನೂ ಕಳೆದುಕೊಳ್ಳುವ ಕಥೆಗೂ ಸ್ವಾತಂತ್ರ್ಯಕ್ಕೂ ಏನು ಸಂಬಂಧ?

ಉತ್ತರ: ನೀಲಿ, ಬಿಳಿ, ಕೆಂಪು ಎಂಬ ಮೂರು ಬಣ್ಣಗಳಿಗೆ ಸ್ವಾತಂತ್ರ್ಯ, ಸಮಾನತೆ, ಸೋದರತೆ ಎಂಬ ಮೂರು ಧ್ಯೇಯಗಳನ್ನು ಹೊಂದಿಸಿ ಕೀಶ್ಲೋವ್ಸ್ಕಿ ಮತ್ತು ಅವರೊಡನೆ ಚಿತ್ರಕಥೆ ಬರೆಯುತ್ತಿದ್ದ ವಕೀಲ ಕ್ರಿಸ್ತೋಫ್ ಪಿಯೆಸೆವಿಚ್ ಮೂರು ಚಿತ್ರಗಳನ್ನು ಯೋಜಿಸಿದರು. ಆದರೆ ಹಣ ಫ್ರಾನ್ಸಿನದಾದ್ದರಿಂದ ಧ್ಯೇಯಗಳೂ ಫ್ರಾನ್ಸಿನವಾದವು ಎಂಬರ್ಥದ ಮಾತನ್ನು ಕೀಶ್ಲೋವ್ಸ್ಕಿ ಆಡಿದ್ದುಂಟು. ಆದ್ದರಿಂದ ಧ್ವಜವನ್ನು ಹಿಡಿದು ಬಹಳ ದೂರ ನಡೆಯುವುದು ಬೇಡ. ರಾಜಕೀಯ ಸ್ವಾತಂತ್ರ್ಯದ ಬಗ್ಗೆ ಇಲ್ಲಿ ಒಂದು ಮಾತೂ ಇಲ್ಲ. ಸೆನ್ಸಾರ್ ಇದ್ದ ಕಮ್ಯುನಿಸ್ಟ್ ಪೋಲೆಂಡಿನಲ್ಲಿ ದುಡಿದು ಬಂದ ನಿರ್ದೇಶಕ, ಕೇಳುವವರೇ ಇಲ್ಲದ ಪ್ಯಾರಿಸ್‌ಗೆ ಬಂದು, ಮನುಷ್ಯ ತನ್ನ ನೆನಪಿನಿಂದ, ತನ್ನ ಪ್ರೀತಿಯಿಂದ ಬಿಡುಗಡೆ ಹೊಂದಬಲ್ಲನೇ ಎಂದು ಕೇಳುತ್ತಿದ್ದಾರೆ.

ಜೂಲಿಗೆ ಬಂದಿರುವುದು ಎಂಥ ವಿಚಿತ್ರ ಸ್ವಾತಂತ್ರ್ಯವೆಂದು ಯೋಚಿಸಿ. ಕುಟುಂಬವಿಲ್ಲ, ಕೆಲಸವಿಲ್ಲ, ಹಣದ ಕೊರತೆಯಿಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಅವಳು ಈ ಶೂನ್ಯವನ್ನು ಅಚ್ಚುಕಟ್ಟಾಗಿ, ವಕೀಲನನ್ನು ಎದುರಿಗೆ ಕೂರಿಸಿಕೊಂಡು ಕಟ್ಟುತ್ತಾಳೆ. ಆಸ್ತಿಯನ್ನು ಮಾರಿಸುತ್ತಾಳೆ, ವೃದ್ಧಾಶ್ರಮದಲ್ಲಿರುವ ತಾಯಿಯ ಮತ್ತು ಮನೆಯ ಆಳುಗಳ ಜೀವನಕ್ಕೆ ವ್ಯವಸ್ಥೆ ಮಾಡುತ್ತಾಳೆ, ಬಾಡಿಗೆ ಮನೆಯನ್ನು ಹುಡುಕುವಾಗ ಕಟ್ಟಡದಲ್ಲಿ ಮಕ್ಕಳಿರಬಾರದೆಂಬ ಒಂದೇ ಷರತ್ತನ್ನು ಒಡ್ಡುತ್ತಾಳೆ. ದಲ್ಲಾಳಿಗೆ ಹೆಸರು ಹೇಳುವಾಗ ಮೊದಲು ಗಂಡನ ಮನೆತನದ ಹೆಸರು ಬಾಯಿಗೆ ಬಂದು, ಕೂಡಲೇ ತವರಿನ ಹೆಸರಿಗೆ ತಿದ್ದಿಕೊಳ್ಳುತ್ತಾಳೆ. ಮರೆವಿನ ರೋಗದಿಂದಾಗಿ ತನ್ನನ್ನು ಗುರುತಿಸದೆ ತಂಗಿಯ ಹೆಸರಿನಿಂದ ಕರೆಯುವ ತಾಯಿಯ ಎದುರು ಕುಳಿತು ತನ್ನ ಸಿದ್ಧಾಂತವನ್ನು ಬಿಚ್ಚಿಡುತ್ತಾಳೆ: ಇನ್ನು ಮಾಡಲು ಉಳಿದಿರುವುದು ಒಂದೇ, ಏನನ್ನೂ ಮಾಡದಿರುವುದು, ಆಸ್ತಿ, ನೆನಪು, ಸ್ನೇಹ, ಪ್ರೀತಿ ಯಾವುದೂ ಬೇಡ, ಅವೆಲ್ಲ ಬಲೆಗಳು. ನೆನಪೇ ಬೇಡವೆನ್ನುವ ಮಾತನ್ನು ನೆನಪೇ ಉಳಿಯದವಳಿಗೆ ಹೇಳುವ ಈ ಸನ್ನಿವೇಶಕ್ಕಿಂತ ಕಟುವಾದುದು ಚಿತ್ರದಲ್ಲಿ ಇನ್ನೊಂದಿಲ್ಲ. ಜೂಲಿ ಹುಡುಕುತ್ತಿರುವ ಸ್ಥಿತಿ ಕುರ್ಚಿಯಲ್ಲಿ ಕುಳಿತು ಟೀವಿ ನೋಡುತ್ತಾ ಅವಳ ಎದುರಿಗೇ ಇದೆ, ಅದು ಬಿಡುಗಡೆಯಂತೆ ಕಾಣುವುದಿಲ್ಲ. ತಾಯಿಯ ಪಾತ್ರವನ್ನು ಮಾಡಿರುವವರು ಎಮ್ಮಾನುಯೆಲ್ ರೀವಾ.

ಈ ಚಿತ್ರವನ್ನು ಹೊಸ ಬಾಳಿನ ಕಥೆ ಎಂದು ಹೊಗಳುವವರೊಡನೆ ನನ್ನ ತಕರಾರು ಇರುವುದು ಇಲ್ಲಿಯೇ. ಜೂಲಿ ಹೊಸದಾಗಿ ಆರಂಭಿಸಲು ಮಾಡುವ ಒಂದೊಂದು ಪ್ರಯತ್ನವೂ ಸೋಲುತ್ತದೆ, ಹಾಗೆ ಸೋತದ್ದರಿಂದಲೇ ಅವಳು ಬದುಕುತ್ತಾಳೆ. ಎಲ್ಲವನ್ನೂ ಬಿಟ್ಟುಬಂದವಳು ನೀಲಿ ಮಣಿಗಳ ತೂಗುದೀಪವೊಂದನ್ನು ಮಾತ್ರ ರಟ್ಟಿನ ಪೆಟ್ಟಿಗೆಯಲ್ಲಿ ತಂದು ಹೊಸ ಮನೆಯಲ್ಲಿ ನೇತುಹಾಕುತ್ತಾಳೆ. ಮಕ್ಕಳಿಲ್ಲದ ಕಟ್ಟಡದಲ್ಲಿ ಅವಳ ಉಗ್ರಾಣದೊಳಗೇ ಇಲಿಯೊಂದು ಮರಿ ಹಾಕುತ್ತದೆ. ಯಾರ ಗೊಡವೆಯೂ ಬೇಡವೆಂದು, ಲುಸಿಲ್‌ಳನ್ನು ಕಟ್ಟಡದಿಂದ ಹೊರಹಾಕುವ ಮನವಿಗೆ ಸಹಿ ಮಾಡಲು ಒಲ್ಲೆನೆನ್ನುತ್ತಾಳೆ. ಆ ಒಂದು ನಿರಾಕರಣೆಯಿಂದ ಲುಸಿಲ್ ಉಳಿದುಕೊಳ್ಳುತ್ತಾಳೆ, ಕೈಯಲ್ಲಿ ಹೂ ಹಿಡಿದು ಬಾಗಿಲಿಗೆ ಬರುತ್ತಾಳೆ. ಸುಮ್ಮನಿರುವುದೂ ಕೆಲವೊಮ್ಮೆ ಯಾರದೋ ಬಾಳಿನಲ್ಲಿ ಕೈಹಾಕಿದಂತೆಯೇ ಆಗುತ್ತದೆ. ಹರಿದುಕೊಂಡ ಪ್ರತಿಯೊಂದು ಎಳೆಗೂ ಇನ್ನೊಂದು ಎಳೆ ಗಂಟು ಹಾಕಿಕೊಳ್ಳುತ್ತಾ ಹೋಗುತ್ತದೆ.

ಪ್ರಶ್ನೆ: ಸಂಗೀತವನ್ನು ನಿಜವಾಗಿ ರಚಿಸುತ್ತಿದ್ದವಳು ಜೂಲಿಯೋ, ಅವಳ ಗಂಡನೋ?

ಉತ್ತರ: ಚಿತ್ರ ಹೇಳುವುದಿಲ್ಲ. ಪತ್ರಕರ್ತೆ ಇದೇ ಪ್ರಶ್ನೆಯನ್ನು ಮುಖಕ್ಕೆ ಹೊಡೆದಂತೆ ಕೇಳಿದಾಗ ಜೂಲಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆದರೆ ಕೊನೆಯ ಭಾಗದಲ್ಲಿ, ಗಂಡನ ಸಹಾಯಕನೂ ಅವಳನ್ನು ಬಹುಕಾಲದಿಂದ ಪ್ರೀತಿಸುತ್ತಿರುವವನೂ ಆದ ಒಲಿವಿಯೆಯೊಡನೆ ಕುಳಿತು ಅವಳು ಕೃತಿಯನ್ನು ತಿದ್ದುವ ದೃಶ್ಯವನ್ನು ಗಮನಿಸಿದರೆ ಸಂಶಯಕ್ಕೆ ಹೆಚ್ಚು ಎಡೆ ಉಳಿಯುವುದಿಲ್ಲ. ತಾಳವಾದ್ಯ ಬೇಡ, ಕಹಳೆ ಬೇಡ, ಪಿಯಾನೋ ಬದಲು ಕೊಳಲು ಎಂದು ಅವಳು ಹೇಳುತ್ತಿದ್ದಂತೆ ನಮಗೆ ಕೇಳುವ ಸಂಗೀತವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ, ಚಿತ್ರ ನಿಧಾನವಾಗಿ ಮಸುಕಾಗಿ ಬರೀ ಬಣ್ಣದ ಮಬ್ಬಾಗುತ್ತದೆ. ನೋಡುವುದನ್ನು ಬಿಟ್ಟು ಕೇಳಿ ಎಂದು ಛಾಯಾಗ್ರಾಹಕ ಸ್ಲಾವೊಮಿರ್ ಇಜಿಯಾಕ್ ನಮ್ಮ ಕಣ್ಣನ್ನೇ ಕಟ್ಟಿದಂತೆ. ಆಮೇಲೆ ಒಲಿವಿಯೆ ಒಂದು ಷರತ್ತು ಹಾಕುತ್ತಾನೆ: ಒರಟಾದರೂ ತನ್ನದೇ ಆದ ಸಂಗೀತವಿರಲಿ, ಇಲ್ಲವೇ ಅದು ಅವಳದೆಂದು ಎಲ್ಲರಿಗೂ ತಿಳಿಯಲಿ. ಅವಳಿಗೆ ಬೇಕಾಗಿದ್ದ ಅಜ್ಞಾತವಾಸ ಮುಗಿಯುವುದು ಆ ಮಾತಿನಿಂದ. ಒಲಿವಿಯೆ ಪೆದ್ದನಂತೆ ಕಂಡರೂ ಚಿತ್ರದಲ್ಲಿ ಅವಳನ್ನು ಸರಿಯಾಗಿ ಅರ್ಥಮಾಡಿಕೊಂಡ ಗಂಡಸು ಅವನೊಬ್ಬನೇ.

ಪ್ರಶ್ನೆ: ಕಾಫಿಯಲ್ಲಿ ನೆನೆಯುವ ಸಕ್ಕರೆ ತುಂಡು, ಬಾಟಲಿಯನ್ನು ತೊಟ್ಟಿಗೆ ಹಾಕಲು ಒದ್ದಾಡುವ ಮುದುಕಿ, ಇವೆಲ್ಲ ಸಂಕೇತಗಳೇ?

ಉತ್ತರ: ಸಕ್ಕರೆ ತುಂಡು ಸಂಕೇತವಲ್ಲ. ಜೂಲಿ ಅದನ್ನು ಕಾಫಿಗೆ ತಾಗಿಸಿ ಹಿಡಿಯುತ್ತಾಳೆ, ಕಂದು ಬಣ್ಣ ಮೇಲೇರಿ ಬಿಳಿಯನ್ನು ನುಂಗುವುದು ಪರದೆಯ ತುಂಬ ಕಾಣುತ್ತದೆ. ಅವಳ ಲೋಕ ಅಷ್ಟಕ್ಕೆ ಕುಗ್ಗಿದೆ, ಅದರಾಚೆಗೆ ಏನೂ ಅವಳಿಗೆ ಬೇಕಾಗಿಲ್ಲ ಎಂದು ತೋರಿಸುವುದಷ್ಟೇ ತಮ್ಮ ಉದ್ದೇಶವೆಂದು ನಿರ್ದೇಶಕರು ವಿವರಿಸಿದ್ದಾರೆ. ಆ ತುಂಡು ಸುಮಾರು 5 ಸೆಕೆಂಡಿನಲ್ಲಿ ನೆನೆಯಬೇಕು, ಅದಕ್ಕಿಂತ ತಡವಾದರೆ ಪ್ರೇಕ್ಷಕರ ತಾಳ್ಮೆ ಕೆಡುತ್ತದೆ ಎಂದು ಅವರ ಸಹಾಯಕ ಬಗೆಬಗೆಯ ಸಕ್ಕರೆ ತುಂಡುಗಳನ್ನು ನೆನೆಸಿ ಪರೀಕ್ಷಿಸಬೇಕಾಯಿತಂತೆ. ಸಂಕೇತಗಳನ್ನು ಬೇಟೆಯಾಡುವ ವಿಮರ್ಶಕರು ಈ ಒಂದು ಸಂಗತಿಯನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು.

ಮುದುಕಿಯ ಮಾತು ಬೇರೆ. ಬೆನ್ನು ಬಾಗಿದ ಆಕೆ ಮೂರು ಚಿತ್ರಗಳಲ್ಲೂ ಬರುತ್ತಾಳೆ. ‘ಬ್ಲೂ’ನಲ್ಲಿ ಜೂಲಿ ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿ ಕುಳಿತಿರುವುದರಿಂದ ಆಕೆಯನ್ನು ನೋಡುವುದೇ ಇಲ್ಲ; ‘ವೈಟ್’ನಲ್ಲಿ ನಾಯಕ ನೋಡಿಯೂ ಸುಮ್ಮನಿರುತ್ತಾನೆ; ‘ರೆಡ್’ನಲ್ಲಿ ನಾಯಕಿ ಹೋಗಿ ಬಾಟಲಿಯನ್ನು ಒಳಗೆ ತಳ್ಳುತ್ತಾಳೆ. ಜೂಲಿ ನೋಡದಿರುವುದು ನಿಷ್ಕರುಣೆಯಲ್ಲ. ಆ ಬಿಸಿಲು ಅವಳಿಗೆ ಬಹುದಿನಗಳ ಮೇಲೆ ಸಿಕ್ಕಿದ ಸುಖವಾಗಿರುವಂತೆ ಕಾಣುತ್ತದೆ.

ಪ್ರಶ್ನೆ: ಮೂರು ಚಿತ್ರಗಳನ್ನೂ ಕ್ರಮವಾಗಿಯೇ ನೋಡಬೇಕೇ?

ಉತ್ತರ: ‘ಬ್ಲೂ’ ತನ್ನಷ್ಟಕ್ಕೆ ಪೂರ್ಣ. ‘ರೆಡ್’ ಅನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಗಂಡನ ಪ್ರೇಯಸಿಗೆ ಮನೆಯನ್ನೇ ಕೊಟ್ಟುಬಿಡುವುದು ಅತಿಯಾಯಿತಲ್ಲವೇ? ಕೊನೆಯ ಪ್ರೇಮಗೀತೆಯೂ ನನಗೆ ಭಾರವೆನಿಸಿತು.

ಉತ್ತರ: ನನಗೂ ಮೊದಲ ಸಲ ಹಾಗೆಯೇ ಅನಿಸಿತ್ತು. ಗಂಡನಿಗೆ ಸಾಂಡ್ರಿನ್ ಎಂಬ ವಕೀಲೆಯ ಜೊತೆ ಸಂಬಂಧವಿತ್ತೆಂದು ಜೂಲಿಗೆ ತಿಳಿಯುವುದು ಅವನು ಸತ್ತು ಎಷ್ಟೋ ದಿನಗಳಾದ ಮೇಲೆ. ಹುಡುಕಿಕೊಂಡು ಹೋದರೆ ಅವಳು ಅವನ ಮಗುವಿನ ಬಸುರಿ. ಕೊರಳಲ್ಲಿ ತನಗೆ ಅವನು ಕೊಟ್ಟಿದ್ದಂಥದೇ ಶಿಲುಬೆ. ಮಗುವಿಗೆ ತಂದೆಯ ಹೆಸರೂ ಮನೆಯೂ ಇರಲೆಂದು ಜೂಲಿ ಮಾರದೆ ಉಳಿದಿದ್ದ ಆ ಮನೆಯನ್ನು ಅವಳಿಗೆ ಬಿಟ್ಟುಕೊಡುತ್ತಾಳೆ. ಕೇಳಲು ಸಂತರ ಕಥೆಯಂತಿದೆ. ಆದರೆ ಆಗ ಸಾಂಡ್ರಿನ್ ಆಡುವ ಮಾತಿನಲ್ಲಿ ಒಂದು ಮುಳ್ಳಿದೆ: ನೀವು ಒಳ್ಳೆಯವರು, ಉದಾರಿ, ಹಾಗಿರಲು ಬಯಸುವವರು ಎಂದು ಪಾತ್ರಿಸ್ ಹೇಳುತ್ತಿದ್ದರು. ಬಯಸುವವರು ಎಂಬ ಆ ಒಂದು ಪದ ಜೂಲಿಯ ತ್ಯಾಗದ ಹೊಳಪನ್ನು ಸ್ವಲ್ಪ ಕೆರೆದುಬಿಡುತ್ತದೆ. ಕೊಡುವುದರಿಂದ ಅವಳಿಗೂ ಏನೋ ದಕ್ಕುತ್ತಿದೆ. ಆ ಮುಳ್ಳನ್ನು ಗುರುತಿಸಿದ ಮೇಲೆ ದೃಶ್ಯ ನನಗೆ ಒಪ್ಪಿಗೆಯಾಯಿತು.

ಗೀತೆಯ ವಿಷಯದಲ್ಲಿ ನಿಮ್ಮ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾರೆ. ಕಥೆಯಲ್ಲಿ ಆ ಕೃತಿ ಯುರೋಪಿನ ಏಕೀಕರಣದ ಸಂಭ್ರಮಕ್ಕಾಗಿ ಬರೆದದ್ದು. ಯುರೋಪಿಯನ್ ಒಕ್ಕೂಟವನ್ನು ಹುಟ್ಟುಹಾಕಿದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ 1992ರಲ್ಲಿ ಸಹಿ ಬಿದ್ದು 1993ರ ನವೆಂಬರಿನಲ್ಲಿ ಅದು ಜಾರಿಗೆ ಬಂದ ಕಾಲದ ಉತ್ಸಾಹ ಅದರಲ್ಲಿ ಅನುರಣಿಸುತ್ತದೆ, ಇಂದು ಕೇಳಿದರೆ ಆ ಗಾಂಭೀರ್ಯ ತುಸು ಸರ್ಕಾರಿ ಎನಿಸುತ್ತದೆ. ಸಾಹಿತ್ಯ ಮಾತ್ರ ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯದ್ದು, ಗ್ರೀಕ್ ಭಾಷೆಯಲ್ಲಿ: ಪ್ರೀತಿ ಇಲ್ಲದಿದ್ದರೆ ನಾನು ಬರೀ ಸದ್ದು ಮಾಡುವ ಕಂಚು. ಜೂಲಿ ಬಲೆಯೆಂದು ಕರೆದದ್ದನ್ನೇ ಮೇಳವು ಮುಗಿಲು ಮುಟ್ಟುವಂತೆ ಹಾಡುತ್ತಿರುವಾಗ ಕ್ಯಾಮೆರಾ ಕತ್ತಲಿನಲ್ಲಿ ಒಬ್ಬೊಬ್ಬರನ್ನೇ ದಾಟಿಕೊಂಡು ಹೋಗುತ್ತದೆ. ಅಪಘಾತವನ್ನು ಕಂಡಿದ್ದ ಹುಡುಗ ಎದ್ದು ಕುಳಿತು ಜೂಲಿ ತನಗೆ ಬಿಟ್ಟುಕೊಟ್ಟ ಶಿಲುಬೆಯನ್ನು ಮುಟ್ಟಿಕೊಳ್ಳುತ್ತಾನೆ, ತಾಯಿ ಕುರ್ಚಿಯಲ್ಲಿದ್ದಾಳೆ, ಲುಸಿಲ್ ತನ್ನ ರಾತ್ರಿಯ ಕೆಲಸದಲ್ಲಿದ್ದಾಳೆ, ಸಾಂಡ್ರಿನ್ ತನ್ನ ಮಗುವನ್ನು ಸ್ಕ್ಯಾನಿಂಗ್ ಪರದೆಯ ಮೇಲೆ ನೋಡುತ್ತಿದ್ದಾಳೆ. ಮೇಳದ ಅಬ್ಬರವನ್ನು ನಾನು ಇನ್ನೂ ಸ್ವಲ್ಪ ತಗ್ಗಿಸುತ್ತಿದ್ದೆ. ಆದರೆ ಕೊನೆಗೆ ಗಾಜಿನಾಚೆ ಜೂಲಿಯ ಮುಖ ಬಂದಾಗ, ಇಷ್ಟು ಹೊತ್ತು ತಡೆದಿದ್ದ ಕಣ್ಣೀರು ಒಂದೊಂದಾಗಿ ಇಳಿದಾಗ, ಆಕ್ಷೇಪ ಎತ್ತುವ ಮನಸ್ಸು ಉಳಿಯುವುದಿಲ್ಲ. ಆಮೇಲೆ ಅವಳು ನಗುತ್ತಾಳೆಯೇ ಎಂಬುದು ನೋಡುವವರ ಕಣ್ಣಿಗೆ ಬಿಟ್ಟದ್ದು. ನಾನು ಮೂರು ಸಲ ನೋಡಿದ್ದೇನೆ, ಎರಡು ಸಲ ನಕ್ಕಂತೆ ಕಂಡಿತು.

ಪ್ರಶ್ನೆ: ಕೆಲವು ತಿಂಗಳ ಹಿಂದೆ ಪತಿಯನ್ನು ಕಳೆದುಕೊಂಡೆ. ಮನಸ್ಸು ಹಗುರವಾಗುತ್ತದೆ, ಈ ಚಿತ್ರ ನೋಡು ಎಂದು ಗೆಳತಿ ಹೇಳುತ್ತಾಳೆ. ನೋಡಲೇ?

ಉತ್ತರ: ಹಗುರವಾಗುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ, ಚಿತ್ರವೂ ಕೊಡುವುದಿಲ್ಲ. ಸಿನಿಮಾ ಔಷಧಿಯಲ್ಲ, ಯಾವ ವಿಮರ್ಶಕನೂ ವೈದ್ಯನಲ್ಲ. ನಿಮಗೆ ಈಗ ನೋಡಬೇಕೆನಿಸದಿದ್ದರೆ ಅದೇ ಸರಿಯಾದ ತೀರ್ಮಾನ. ಈ ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ನೋಡುವ ಮನಸ್ಸಾದರೆ ಏನು ಎದುರಾಗುತ್ತದೆ ಎಂಬುದನ್ನು ತಿಳಿದೇ ಕುಳಿತುಕೊಳ್ಳಿ, ಒಬ್ಬರೇ ಕೂರಬೇಡಿ. ಅಪಘಾತ ಆರಂಭದ ನಿಮಿಷಗಳಲ್ಲೇ ಬರುತ್ತದೆ, ಆದರೆ ಅದನ್ನು ದೂರದಿಂದ ತೋರಿಸಲಾಗಿದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಜೂಲಿ ಚಿಕ್ಕ ಟೀವಿಯೊಂದರಲ್ಲಿ ಗಂಡನ ಮತ್ತು ಮಗಳ ಅಂತ್ಯಕ್ರಿಯೆಯನ್ನು ನೋಡುತ್ತಾಳೆ. ಮಾತ್ರೆಗಳ ದೃಶ್ಯವೂ ಆಸ್ಪತ್ರೆಯದೇ. ಒಟ್ಟು ಚಿತ್ರ ಸುಮಾರು 100 ನಿಮಿಷದ್ದು; ಇಪ್ಪತ್ತನೆಯ ನಿಮಿಷಕ್ಕೆ ನಿಲ್ಲಿಸಿ, ಇನ್ನೊಂದು ತಿಂಗಳು ಬಿಟ್ಟು ಮುಂದುವರಿಸಿದರೂ ಏನೂ ಕೆಡುವುದಿಲ್ಲ.

ಅತ್ತುಬಿಡು, ಮರೆತುಬಿಡು, ಹೊಸದಾಗಿ ಶುರುಮಾಡು ಎಂದು ಸುತ್ತಲಿನವರು ಹೇಳುವ ಮಾತುಗಳಿಂದ ನೀವು ದಣಿದಿದ್ದರೆ, ಈ ಚಿತ್ರದಲ್ಲಿ ಹಾಗೆ ಉಪದೇಶ ಮಾಡುವವರು ಯಾರೂ ಇಲ್ಲ ಎನ್ನುವುದೊಂದು ನೆಮ್ಮದಿ. ಇನ್ನೊಂದು ವಿಷಯ: ಜೂಲಿ ಕೈಚೀಲಕ್ಕೆ ಕೈಹಾಕಿ ನೀಲಿ ಕಾಗದದ ಲಾಲಿಪಾಪ್ ಹೊರತೆಗೆದಾಗ ಬೇಕಿದ್ದರೆ ಎದ್ದುಹೋಗಿ ನೀರು ಕುಡಿದು ಬನ್ನಿ. ಆ ದೃಶ್ಯ ಒಂದು ನಿಮಿಷವೂ ಇಲ್ಲ, ಕಥೆಯೇನೂ ತಪ್ಪಿಹೋಗುವುದಿಲ್ಲ.